ದಾವಣಗೆರೆಯ ಚಿತ್ರಕಲಾ ಕಾಲೇಜಿನ ಗ್ಯಾಲರಿ ನೋಡೋಕೆ ಹೋಗ್ತೀರಾ? ಹೀಗೆ ಹೋಗಿ

ದಾವಣಗೆರೆಗೆ ಬಂದವರು ಬೆಣ್ಣೆದೋಸೆ ತಿನ್ನುತ್ತಾರೆ, ಕುಂದವಾಡ ಕೆರೆ ಕಡೆಯ ಗಾಜಿನ ಮನೆ ನೋಡುತ್ತಾರೆ, ಬಟ್ಟೆ ಖರೀದಿ ಮುಗಿಸಿ ಬಸ್ ಹತ್ತುತ್ತಾರೆ. ಇದೇ ಊರಿನಲ್ಲಿ 1964ರಲ್ಲಿ ಶುರುವಾದ ಒಂದು ಚಿತ್ರಕಲಾ ಕಾಲೇಜು ಇದೆ. ಅಲ್ಲಿ ಪ್ರದರ್ಶನ ನಡೆಸಲು ಗ್ಯಾಲರಿಯೂ ಇದೆ. ಆದರೂ ಊರಿನ ಎಷ್ಟೋ ಜನ ಆ ಗೇಟು ದಾಟಿಲ್ಲ. ‘ಅದು ಓದೋ ಹುಡುಗರ ಜಾಗ, ನಮಗೆ ಚಿತ್ರ ಎಲ್ಲಿ ಅರ್ಥ ಆಗುತ್ತೆ’ ಅಂತ ಸುಮ್ನೆ ಮುಂದೆ ಹೋಗಿಬಿಡುತ್ತಾರೆ.

ನನಗೆ ಇದು ಬೇಜಾರಿನ ವಿಷಯ. ಯಾಕೆಂದರೆ ದೊಡ್ಡ ಮ್ಯೂಸಿಯಂಗಳಲ್ಲಿ ಸಿಗದ ಒಂದು ಅನುಕೂಲ ಕಾಲೇಜಿನ ಗ್ಯಾಲರಿಯಲ್ಲಿ ಸಿಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮರ ಚಿತ್ರಗಳಿವೆ. ನೋಡಿ ಖುಷಿಪಡಬಹುದು. ‘ಈ ಸೀರೆ ಜರಿ ಹೇಗೆ ಬರೆದಿರಿ’ ಎಂದು ಅವರನ್ನು ಕೇಳುವ ಹಾಗಿಲ್ಲ, ಅವರು 1906ರಲ್ಲೇ ತೀರಿಕೊಂಡರು. ಕಾಲೇಜಿನಲ್ಲಿ ಹಾಗಲ್ಲ. ಗೋಡೆ ಮೇಲಿನ ಚಿತ್ರ ಬರೆದವರು ಪಕ್ಕದ ಕೊಠಡಿಯಲ್ಲೇ ಬ್ರಷ್ ತೊಳೆಯುತ್ತಾ ಇರಬಹುದು. ಕಲಿಸಿದ ಮೇಷ್ಟ್ರು ಕಾರಿಡಾರಿನಲ್ಲಿ ಸಿಗಬಹುದು. ಕೇಳಿದರೆ ಹೇಳುತ್ತಾರೆ. ಈ ಲೇಖನ ಬರೆಯುತ್ತಿರುವುದೇ ನೀವು ಹೋಗಿ ಕೇಳಲಿ ಎಂದು.

ಯಾವ ಕಾಲೇಜು, ಎಲ್ಲಿ?

ಇದರ ಹೆಸರು ದೃಶ್ಯಕಲಾ ಮಹಾವಿದ್ಯಾಲಯ. ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ಕಾಲೇಜು. ವಿಶ್ವವಿದ್ಯಾನಿಲಯ ಬಂದದ್ದು 2009ರಲ್ಲಿ. ಕಾಲೇಜು ಅದಕ್ಕಿಂತ ಎಷ್ಟೋ ಹಳೆಯದು. ದಾವಣಗೆರೆ ಜಿಲ್ಲೆಗಿಂತಲೂ ಹಳೆಯದು, ಯಾಕೆಂದರೆ 1997ರವರೆಗೆ ನಾವೆಲ್ಲ ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದೆವು. ಹತ್ತಿಮಿಲ್ಲುಗಳಿಂದ ಹೆಸರಾಗಿದ್ದ ಊರಿಗೆ ಆ ಕಾಲದಲ್ಲೇ ಒಂದು ಕಲಾಶಾಲೆ ಬಂತು ಅನ್ನೋದು ಹೆಮ್ಮೆ ಪಡುವ ಮಾತೇ.

ಒಂದು ವಿಷಯ ಗಮನದಲ್ಲಿರಲಿ. ವಿಶ್ವವಿದ್ಯಾನಿಲಯದ ಮುಖ್ಯ ಕ್ಯಾಂಪಸ್ಸು ಊರ ಹೊರಗೆ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. ದೃಶ್ಯಕಲಾ ಕಾಲೇಜು ಇರುವುದು ಊರೊಳಗೆ. ಫೋನಿನ ನಕ್ಷೆಯಲ್ಲಿ ಬರೀ ‘ದಾವಣಗೆರೆ ಯೂನಿವರ್ಸಿಟಿ’ ಅಂತ ಹಾಕಿದರೆ ತೋಳಹುಣಸೆ ತೋರಿಸುತ್ತದೆ. ಕಾಲೇಜಿನ ಪೂರ್ತಿ ಹೆಸರು ಹಾಕಿ ಹುಡುಕಿ. ಆಟೋದವರಿಗೆ ‘ದೃಶ್ಯಕಲಾ’ ಅಂದರೆ ಒಮ್ಮೊಮ್ಮೆ ಹೊಳೆಯುವುದಿಲ್ಲ. ‘ಚಿತ್ರಕಲಾ ಕಾಲೇಜು’, ‘ಫೈನ್ ಆರ್ಟ್ಸ್ ಕಾಲೇಜು’ ಅಂತಲೂ ಹೇಳಿ ನೋಡಿ.

ಹೊರಊರಿನವರಿಗೆ ದಾವಣಗೆರೆ ಕಷ್ಟದ ಊರಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲೇ ಇದೆ, ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ ಹೋಗುತ್ತದೆ. ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲೂ ಇಲ್ಲಿ ನಿಲ್ಲುತ್ತದೆ. ಚಿತ್ರದುರ್ಗದಿಂದ ಸುಮಾರು 60 ಕಿಲೋಮೀಟರ್, ಬಸ್ಸುಗಳಿಗೆ ಬರವಿಲ್ಲ.

ದಿನ ನೋಡಿಕೊಂಡು ಹೋಗಿ

ಇದು ಎಲ್ಲಕ್ಕಿಂತ ಮುಖ್ಯ. ಕಾಲೇಜಿನ ಗ್ಯಾಲರಿ ಎಂದರೆ ಟಿಕೆಟ್ ಕೌಂಟರ್ ಇರುವ ಮ್ಯೂಸಿಯಂ ಅಲ್ಲ. ಅದು ಕಾಲೇಜಿನ ಕ್ಯಾಲೆಂಡರ್ ಜೊತೆ ಉಸಿರಾಡುತ್ತದೆ. ಪರೀಕ್ಷೆ ಇದ್ದರೆ ಬೀಗ ಹಾಕಿರಬಹುದು. ಎರಡು ಪ್ರದರ್ಶನಗಳ ನಡುವೆ ಗೋಡೆಗಳು ಖಾಲಿ ಇರಬಹುದು. ಎರಡನೇ, ನಾಲ್ಕನೇ ಶನಿವಾರ, ಹಬ್ಬದ ಹಿಂದುಮುಂದಿನ ದಿನ, ಭಾನುವಾರ ಕೇಳದೆ ಹೋಗಬೇಡಿ.

ಹೋಗುವ ಹಿಂದಿನ ದಿನ ಕಾಲೇಜಿನ ಕಚೇರಿಗೆ ಫೋನ್ ಮಾಡಿ. ಮೂರೇ ಪ್ರಶ್ನೆ ಸಾಕು: ಈಗ ಯಾವುದಾದರೂ ಪ್ರದರ್ಶನ ಇದೆಯಾ, ಎಷ್ಟು ಗಂಟೆಗೆ ತೆರೆದಿರುತ್ತೆ, ಹೊರಗಿನವರು ಬಂದರೆ ಯಾರನ್ನು ಕಾಣಬೇಕು. ಜನ ಜಾಸ್ತಿ ಇದ್ದರೆ, ಅಂದರೆ ಒಂದು ಶಾಲೆಯ ಮಕ್ಕಳನ್ನೋ ಸಂಘದವರನ್ನೋ ಕರೆದುಕೊಂಡು ಹೋಗುವುದಿದ್ದರೆ, ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು ದಿನ ಗೊತ್ತು ಮಾಡಿಕೊಳ್ಳಿ. ಪತ್ರದಲ್ಲಿ ಎಷ್ಟು ಜನ, ಯಾವ ವಯಸ್ಸು, ಎಷ್ಟು ಹೊತ್ತು ಇರುತ್ತೀರಿ ಅಂತ ಬರೆದರೆ ಅವರಿಗೆ ಸುಲಭ. ಆಗ ಯಾರಾದರೂ ಮೇಷ್ಟ್ರನ್ನೋ ಹಿರಿಯ ವಿದ್ಯಾರ್ಥಿಯನ್ನೋ ಜೊತೆಗೆ ಕಳಿಸಲು ಅವರಿಗೂ ಸಮಯ ಸಿಗುತ್ತದೆ.

ಅತ್ಯಂತ ಒಳ್ಳೆಯ ಸಮಯ ಯಾವುದು ಅಂದರೆ, ವರ್ಷದ ಕೊನೆಗೆ ವಿದ್ಯಾರ್ಥಿಗಳು ತಮ್ಮ ಕೆಲಸ ಹರಡಿ ಪ್ರದರ್ಶನ ಮಾಡುವ ದಿನಗಳು. ಕಲಾ ಕಾಲೇಜುಗಳಲ್ಲಿ ಅದೇ ದೊಡ್ಡ ಹಬ್ಬ. ಗ್ಯಾಲರಿ ಸಾಲದೆ ಕ್ಲಾಸ್‌ರೂಮು, ಕಾರಿಡಾರುಗಳಿಗೂ ಚಿತ್ರ ಬಂದುಬಿಡುತ್ತವೆ. ಏಪ್ರಿಲ್ 15 ವಿಶ್ವ ಕಲಾ ದಿನ, ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆ ಹೊತ್ತಿಗೆ ಏನಾದರೂ ಕಾರ್ಯಕ್ರಮ ಇದೆಯಾ ಎಂದು ಕೇಳುವುದು ಒಳ್ಳೆಯದು. ಸ್ಥಳೀಯ ದಿನಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣದ ಮೇಲೂ ಒಂದು ಕಣ್ಣಿರಲಿ. ಚಿತ್ರಕಲಾ ಪ್ರದರ್ಶನದ ಸುದ್ದಿ ಎರಡು ಸಾಲಿನಲ್ಲಿ ಅಲ್ಲೇ ಬಂದು ಹೋಗುತ್ತದೆ.

ಬೆಳಿಗ್ಗೆ ಹೋಗಿ. ಮಧ್ಯಾಹ್ನದ ದಾವಣಗೆರೆ ಬಿಸಿಲು ನಿಮಗೇ ಗೊತ್ತು, ಸುಸ್ತಾದ ಕಣ್ಣಿಗೆ ಚಿತ್ರ ಕಾಣುವುದಿಲ್ಲ.

ಗೇಟಿನಲ್ಲಿ

ಸಂಕೋಚ ಬೇಡ. ‘ಗ್ಯಾಲರಿ ನೋಡೋಕೆ ಬಂದಿದ್ದೀವಿ’ ಎಂದರೆ ಸಾಕು. ನೇರ ಕಚೇರಿಗೆ ಹೋಗಿ, ಹೆಸರು ಹೇಳಿ, ಪುಸ್ತಕದಲ್ಲಿ ಬರೆಯಲು ಹೇಳಿದರೆ ಬರೆಯಿರಿ. ಕಲಾವಿದ ಅಂತ ಪರಿಚಯಿಸಿಕೊಳ್ಳಬೇಕಾಗಿಲ್ಲ. ‘ನನಗೇನೂ ಗೊತ್ತಿಲ್ಲ, ನೋಡಬೇಕು ಅನಿಸಿತು’ ಎಂದವರನ್ನು ಕಂಡರೆ ಕಲಾ ಮೇಷ್ಟ್ರುಗಳಿಗೆ ಖುಷಿಯೇ ಆಗುತ್ತದೆ, ನಾನು ನೋಡಿದ ಮಟ್ಟಿಗೆ.

ದೊಡ್ಡ ಬ್ಯಾಗ್, ಛತ್ರಿ, ನೀರಿನ ಬಾಟಲಿ ಹೊರಗೇ ಇಡಿ. ಬೆನ್ನಿಗೆ ಹಾಕಿದ ಬ್ಯಾಗು ತಿರುಗುವಾಗ ಚಿತ್ರಕ್ಕೆ ತಗಲುತ್ತದೆ, ಹಾಕಿಕೊಂಡವರಿಗೆ ಗೊತ್ತೇ ಆಗುವುದಿಲ್ಲ. ಬೆಣ್ಣೆದೋಸೆ ತಿಂದು ಬರುವುದಾದರೆ ಸೋಪು ಹಾಕಿ ಕೈ ತೊಳೆದು ಬನ್ನಿ. ಹೇಗೂ ಚಿತ್ರ ಮುಟ್ಟುವಂತಿಲ್ಲ. ಆದರೂ ವಿದ್ಯಾರ್ಥಿಗಳು ತಮ್ಮ ಸ್ಕೆಚ್ ಪುಸ್ತಕ ತೆಗೆದು ಕೈಗೆ ಕೊಟ್ಟುಬಿಡುತ್ತಾರೆ, ಆಗ ಬೇಕಾಗುತ್ತದೆ.

ನಿಮ್ಮ ಜೊತೆ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಪೆನ್ ಬೇಡ, ಶಾಯಿ ಚಿಮ್ಮಿದರೆ ಹೋಗುವುದಿಲ್ಲ.

ಮೊದಲ ಸುತ್ತು ಬೇಗ, ಎರಡನೇ ಸುತ್ತು ನಿಧಾನ

ಒಳಗೆ ಹೋದ ಕೂಡಲೇ ಬಾಗಿಲ ಪಕ್ಕದ ಮೊದಲ ಚಿತ್ರದಿಂದ ಶುರುಮಾಡಿ ಒಂದೊಂದರ ಮುಂದೂ ಸಮ ಸಮ ಹೊತ್ತು ನಿಲ್ಲುವುದು ಸಾಮಾನ್ಯ. ಹತ್ತನೇ ಚಿತ್ರಕ್ಕೆ ಬರುವ ಹೊತ್ತಿಗೆ ಸಾಕಾಗಿರುತ್ತದೆ. ಹಾಗೆ ಮಾಡಬೇಡಿ. ಮೊದಲು ಎಲ್ಲೂ ನಿಲ್ಲದೆ ಇಡೀ ಕೋಣೆ ಸುತ್ತಿ ಬನ್ನಿ. ಐದು ನಿಮಿಷ ಸಾಕು. ಯಾವುದು ಕಣ್ಣು ಹಿಡಿಯಿತೋ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಆ ನಾಲ್ಕೈದು ಚಿತ್ರಗಳ ಹತ್ತಿರ ಮಾತ್ರ ಹೋಗಿ ನಿಲ್ಲಿ. ಉಳಿದದ್ದನ್ನು ಬಿಟ್ಟರೆ ಏನೂ ನಷ್ಟವಿಲ್ಲ.

ಇಷ್ಟವಾಗದ ಒಂದನ್ನೂ ಆರಿಸಿಕೊಳ್ಳಿ. ಯಾಕೆ ಇಷ್ಟ ಆಗಲಿಲ್ಲ ಎಂದು ನೋಡುತ್ತಾ ನಿಂತರೆ, ಇಷ್ಟವಾದದ್ದು ಯಾಕೆ ಇಷ್ಟವಾಯಿತು ಎನ್ನುವುದೂ ತಿಳಿಯುತ್ತದೆ.

ಚಿತ್ರದ ಪಕ್ಕದ ಪಟ್ಟಿಯನ್ನು ಕೊನೆಗೆ ಓದಿ. ಅಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇರುತ್ತವೆ. ಕಾಲೇಜಿನಲ್ಲಿ ತರಗತಿಯನ್ನೂ ಬರೆದಿರುತ್ತಾರೆ. ತರಗತಿ ಮುಖ್ಯ. ಬಿ.ವಿ.ಎ., ಅಂದರೆ ಬ್ಯಾಚುಲರ್ ಆಫ್ ವಿಷುವಲ್ ಆರ್ಟ್ಸ್ ಪದವಿ ನಾಲ್ಕು ವರ್ಷದ್ದು. ಶುರುವಿನಲ್ಲಿ ಎಲ್ಲರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯುತ್ತಾರೆ, ಆಮೇಲೆ ಚಿತ್ರಕಲೆ, ಶಿಲ್ಪಕಲೆ, ಅನ್ವಯಿಕ ಕಲೆ (ಜಾಹೀರಾತು, ವಿನ್ಯಾಸದ ಕೆಲಸ) ಅಂತ ಕವಲಾಗುತ್ತಾರೆ. ಮೊದಲ ವರ್ಷದವರ ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲೆ ಇಟ್ಟ ಮಡಕೆ, ಬಟ್ಟೆ, ಹಣ್ಣಿನ ಚಿತ್ರ ನೋಡಿ. ಅದೇ ಗೋಡೆಯಲ್ಲಿ ಕೊನೆಯ ವರ್ಷದವರ ದೊಡ್ಡ ಕಾಂಪೊಸಿಷನ್, ಅಂದರೆ ಹಲವು ಆಕಾರಗಳನ್ನು ಜೋಡಿಸಿ ಕಟ್ಟಿದ ಚಿತ್ರ ನೋಡಿ. ಮಡಕೆಯ ನೆರಳು ಸರಿಯಾಗಿ ನೆಲಕ್ಕೆ ಕೂರಿಸಲು ಒದ್ದಾಡಿದ ಕೈ, ಮೂರು ವರ್ಷದ ಮೇಲೆ ಒಂದು ಸಂತೆಯನ್ನೇ ಕೂರಿಸುತ್ತದೆ. ಈ ದಾರಿ ಕಣ್ಣಿಗೆ ಕಾಣುವುದು ಕಾಲೇಜಿನಲ್ಲಿ ಮಾತ್ರ. ದೊಡ್ಡ ಮ್ಯೂಸಿಯಂನವರು ಕೊನೆಯ ಫಲ ಮಾತ್ರ ತೂಗುಹಾಕುತ್ತಾರೆ.

ಹತ್ತಿರ ಹೋಗಿ: ಎಣ್ಣೆಬಣ್ಣ, ಜಲವರ್ಣ

ಎಣ್ಣೆಬಣ್ಣದ ಚಿತ್ರದ ಎದುರು ನಿಲ್ಲುವುದರ ಜೊತೆಗೆ ಪಕ್ಕಕ್ಕೂ ಬಂದು ನಿಲ್ಲಿ. ಗೋಡೆಗೆ ಹೆಚ್ಚುಕಡಿಮೆ ತಲೆ ತಾಗುವಷ್ಟು ಬದಿಗೆ ಬಂದು, ಕಿಟಕಿ ಬೆಳಕಿನ ಕಡೆ ಮುಖ ಮಾಡಿ ಚಿತ್ರದ ಮೈ ನೋಡಿ. ಎದುರಿನಿಂದ ನುಣುಪಾಗಿ ಕಂಡ ಕೆನ್ನೆಯಲ್ಲಿ ಬ್ರಷ್ಷಿನ ಗೀರುಗಳು ಎದ್ದು ಕಾಣುತ್ತವೆ. ಬಿಳಿ ಬಣ್ಣ ಇರುವ ಕಡೆ ದಪ್ಪ, ನೆರಳಿನ ಕಡೆ ತೆಳು ಇರುವುದು ಸಾಮಾನ್ಯ. ಕೆಲವು ಕಡೆ ಈಗ ಕಾಣುವ ಆಕಾರಕ್ಕೂ ಕೆಳಗಿನ ಉಬ್ಬಿಗೂ ಹೊಂದಾಣಿಕೆಯೇ ಇರುವುದಿಲ್ಲ. ಅಲ್ಲಿ ಮೊದಲು ಬೇರೆ ಏನೋ ಬರೆದಿದ್ದರು, ಮನಸ್ಸು ಬದಲಾಗಿ ಮೇಲೆ ಬಣ್ಣ ಹಾಕಿದ್ದಾರೆ. ಕೈ ಮೊದಲು ಮೊಣಕಾಲ ಮೇಲಿತ್ತು, ಈಗ ಮಡಿಲಲ್ಲಿದೆ. ಇದನ್ನು ಫೋಟೊದಲ್ಲಿ ನೋಡೋಕೆ ಆಗಲ್ಲ.

ಎಣ್ಣೆಬಣ್ಣ ನಿಧಾನಕ್ಕೆ ಒಣಗುತ್ತದೆ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿರುತ್ತಾರೆ. ಆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ದಿನಗಟ್ಟಲೆ ಹಸಿ ಇರುತ್ತದೆ, ಬಣ್ಣದೊಳಗೆ ಬಣ್ಣ ಬೆರೆಸಲು ಸಮಯ ಸಿಗುತ್ತದೆ. ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಜಾತಿಯ ಬಣ್ಣ, ನಿಮಿಷಗಳಲ್ಲಿ ಒಣಗುತ್ತದೆ, ಅದಕ್ಕೇ ಅದರಲ್ಲಿ ಅಂಚುಗಳು ಚುರುಕಾಗಿರುತ್ತವೆ. ಪಟ್ಟಿ ನೋಡುವ ಮೊದಲೇ ‘ಇದು ಎಣ್ಣೆಯೋ ಅಕ್ರಿಲಿಕ್ಕೋ’ ಎಂದು ಊಹಿಸಿ, ಆಮೇಲೆ ಓದಿ ನೋಡಿ. ಮಕ್ಕಳಿಗೆ ಈ ಆಟ ಬಹಳ ಇಷ್ಟ.

ಜಲವರ್ಣದಲ್ಲಿ ಹುಡುಕಬೇಕಾದದ್ದು ಬಿಳಿ. ಅಪ್ಪಟ ಜಲವರ್ಣದಲ್ಲಿ ಬಿಳಿ ಬಣ್ಣ ಹಾಕುವುದಿಲ್ಲ, ಕಾಗದವನ್ನೇ ಬಿಡುತ್ತಾರೆ. ನಮ್ಮ ಕಡೆಯ ಚಿತ್ರವಾದರೆ ಬಂಡೆಯ ನೆತ್ತಿ ಮೇಲೆ ಬಿದ್ದ ಬಿಸಿಲು, ಕೆರೆ ನೀರಿನ ಹೊಳಪು, ಎತ್ತಿನ ಬೆನ್ನು. ಅಲ್ಲೆಲ್ಲ ಬ್ರಷ್ ಮುಟ್ಟಿಯೇ ಇಲ್ಲ. ಎಲ್ಲಿ ಮುಟ್ಟಬಾರದು ಎಂದು ಮೊದಲೇ ತೀರ್ಮಾನ ಮಾಡಿ ಕೂರಬೇಕು. ಒಮ್ಮೆ ಬಣ್ಣ ಹೋಯಿತೆಂದರೆ ಪೂರ್ತಿ ವಾಪಸ್ ಬರುವುದಿಲ್ಲ. ಚಿತ್ರದುರ್ಗದ ಬಂಡೆಗಳ ಚಿತ್ರ ಕಂಡರೆ ನೆರಳಿನ ಬಣ್ಣ ಗಮನಿಸಿ. ಬಂಡೆ ಬೂದು ಎಂದು ನಾವು ಅಂದುಕೊಂಡಿರುತ್ತೇವೆ. ನುರಿತ ಕೈ ಅಲ್ಲಿ ನೀಲಿ, ನೇರಳೆ, ಸ್ವಲ್ಪ ಕಂದು ಹಾಕಿರುತ್ತದೆ. ಗ್ಯಾಲರಿಯಿಂದ ಹೊರಬಂದು ನಿಜವಾದ ಬಂಡೆ ನೋಡಿದರೆ ಅದೇ ಬಣ್ಣ ಕಾಣಿಸಲು ಶುರುವಾಗುತ್ತದೆ.

ಅಚ್ಚುಚಿತ್ರಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ

ಗೋಡೆ ಮೇಲೆ ಗ್ರಾಫಿಕ್ ಅಚ್ಚುಚಿತ್ರ, ಅಂದರೆ ತಗಡು ಇಲ್ಲವೇ ಮರದ ಮೇಲೆ ಚಿತ್ರ ಮಾಡಿ ಕಾಗದಕ್ಕೆ ಒತ್ತಿ ತೆಗೆದದ್ದು ಇದ್ದರೆ ದಯವಿಟ್ಟು ದಾಟಿಹೋಗಬೇಡಿ. ಸಣ್ಣದಾಗಿ, ಕಪ್ಪು ಬಿಳುಪಾಗಿ ಇರುತ್ತವೆ, ಎಣ್ಣೆಬಣ್ಣದ ದೊಡ್ಡ ಕ್ಯಾನ್ವಾಸಿನ ಮಧ್ಯೆ ಕಳೆದುಹೋಗುತ್ತವೆ. ನನ್ನ ಮಟ್ಟಿಗೆ ಕಲಾ ಕಾಲೇಜಿಗೆ ಹೋಗಲು ಇವೊಂದೇ ಸಾಕಾದ ಕಾರಣ. ಅಚ್ಚಿನ ಯಂತ್ರ, ಆಮ್ಲದ ತೊಟ್ಟಿ ಇವೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವಂಥವಲ್ಲ. ಹಾಗಾಗಿ ಸಣ್ಣ ಊರುಗಳಲ್ಲಿ ಈ ಕೆಲಸ ನೋಡಲು ಸಿಗುವುದೇ ಅಪರೂಪ.

ಅಚ್ಚುಚಿತ್ರದ ಒಂದು ಬಗೆ ಎಚಿಂಗ್, ಅದು ಹೇಗೆ ಆಗುತ್ತದೆ ನೋಡಿ. ಸತುವಿನ ಅಥವಾ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚುತ್ತಾರೆ. ಅದು ಗಟ್ಟಿಯಾದ ಮೇಲೆ ಸೂಜಿಯಿಂದ ಕೆರೆದು ಚಿತ್ರ ಬರೆಯುತ್ತಾರೆ. ಕೆರೆದ ಕಡೆ ಲೋಹ ಬಯಲಾಗುತ್ತದೆ. ತಗಡನ್ನು ಆಮ್ಲದಲ್ಲಿ ಮುಳುಗಿಸಿದರೆ ಆ ಗೆರೆಗಳನ್ನು ಮಾತ್ರ ಆಮ್ಲ ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳ, ಆಳವಾದಷ್ಟೂ ಕಪ್ಪು. ಆಮೇಲೆ ಲೇಪ ತೆಗೆದು, ಶಾಯಿ ತುಂಬಿ, ಮೇಲಿನ ಶಾಯಿಯನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಗೆರೆಯೊಳಗಿನ ಶಾಯಿ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು, ಕಬ್ಬಿನ ಹಾಲಿನ ಯಂತ್ರದ ಹಾಗೆ ಇರುವ ಎರಡು ಉರುಳೆಗಳ ನಡುವೆ ತಳ್ಳುತ್ತಾರೆ. ಆ ಒತ್ತಡಕ್ಕೆ ಕಾಗದ ಗೆರೆಯೊಳಗೆ ಇಳಿದು ಶಾಯಿ ಎತ್ತಿಕೊಳ್ಳುತ್ತದೆ.

ಈಗ ಚಿತ್ರದ ಅಂಚು ನೋಡಿ. ಸುತ್ತ ಆಯತಾಕಾರದ ಒಂದು ತಗ್ಗು ಇರುತ್ತದೆ. ತಗಡು ಒತ್ತಿದ ಗುರುತು ಅದು. ಬದಿಯಿಂದ ನೋಡಿದರೆ ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ. ಆ ತಗ್ಗು ಇದ್ದರೆ ತಗಡಿನಿಂದ ಒತ್ತಿ ತೆಗೆದ ಅಚ್ಚು ಎಂದು ಹೇಳಬಹುದು. ಲಿನೋಕಟ್ (ಲಿನೋಲಿಯಂ ಹಾಳೆಯಲ್ಲಿ ಕೆತ್ತಿದ ಅಚ್ಚು), ಮರದಚ್ಚುಗಳಲ್ಲಿ ಲೆಕ್ಕ ಉಲ್ಟಾ. ಕೆತ್ತಿ ತೆಗೆದ ಭಾಗ ಬಿಳಿ ಉಳಿಯುತ್ತದೆ, ಎದ್ದಿರುವ ಭಾಗ ಶಾಯಿ ಹಿಡಿಯುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ಉಳಿಯ ಗೀರು ಅಲ್ಲಲ್ಲಿ ಅಚ್ಚಾಗಿರುವುದು ಕಂಡರೆ ಅದು ಇದೇ ಜಾತಿ. ಎರಡರಲ್ಲೂ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಅಚ್ಚಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಓದಲು ಬರುತ್ತಿದೆ ಎಂದರೆ ಬರೆದವರು ತಗಡಿನ ಮೇಲೆ ಉಲ್ಟಾ ಬರೆದಿದ್ದಾರೆ ಎಂದರ್ಥ.

ಕೆಳಗೆ ಪೆನ್ಸಿಲಿನಲ್ಲಿ 3/10 ಅಂತ ಬರೆದಿರುತ್ತಾರೆ. ಒಟ್ಟು ಹತ್ತು ಪ್ರತಿ ತೆಗೆದರು, ಇದು ಮೂರನೆಯದು. ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿಗೆ ಎ/ಪಿ (ಆರ್ಟಿಸ್ಟ್ಸ್ ಪ್ರೂಫ್) ಎಂದು ಬರೆಯುತ್ತಾರೆ. ಬಲಗಡೆ ಸಹಿ. ಇಷ್ಟು ತಿಳಿದಿದ್ದರೆ ದೇಶದ ಯಾವ ಗ್ಯಾಲರಿಯಲ್ಲಿಯೂ ಅಚ್ಚುಚಿತ್ರದ ಮುಂದೆ ಧೈರ್ಯವಾಗಿ ನಿಲ್ಲಬಹುದು.

ಶಿಲ್ಪ

ಶಿಲ್ಪದ ಸುತ್ತ ಒಂದು ಪೂರ್ತಿ ಸುತ್ತು ಬನ್ನಿ, ಮುಂದಿನಿಂದ ಮಾತ್ರ ನೋಡಿ ಬರಬೇಡಿ. ಮೇಷ್ಟ್ರುಗಳು ಅಂಕ ಕೊಡುವಾಗಲೂ ಬೆನ್ನು ನೋಡುತ್ತಾರೆ.

ಪ್ಲಾಸ್ಟರ್ ತಲೆಗಳು ಕಂಡರೆ ಕಿವಿಯ ಹಿಂದೆ, ಭುಜದ ಮೇಲೆ ಒಂದು ಸಣ್ಣ ಎದ್ದ ಗೆರೆ ಹುಡುಕಿ. ಮೊದಲು ಕಬ್ಬಿಣದ ಕಂಬಿಗೆ ಜೇಡಿಮಣ್ಣು ಮೆತ್ತಿ ರೂಪ ಮಾಡುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಹಾಕಿ ತುಂಡು ತುಂಡಾಗಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್, ಸಿಮೆಂಟ್ ಅಥವಾ ಫೈಬರ್ ಸುರಿಯುತ್ತಾರೆ. ಎರಡು ತುಂಡು ಸೇರಿದ ಕಡೆ ಉಳಿದ ಗೆರೆ ಅದು. ಮಣ್ಣಿನ ಮೂಲ ರೂಪ ಅಚ್ಚು ತೆಗೆಯುವಾಗಲೇ ಒಡೆದುಹೋಗುತ್ತದೆ, ಮಣ್ಣು ವಾಪಸ್ ತೊಟ್ಟಿಗೆ ಹೋಗುತ್ತದೆ. ಮುಂದಿನ ಬ್ಯಾಚಿನವರು ಅದನ್ನೇ ಕಲಸುತ್ತಾರೆ.

ಮಾತಾಡಿಸಿ

ಇಲ್ಲಿಗೆ ಬಂದು ಯಾರನ್ನೂ ಮಾತಾಡಿಸದೆ ಹೋದರೆ ಅರ್ಧ ಮಾತ್ರ ನೋಡಿದಂತೆ. ಆದರೆ ‘ಇದರ ಅರ್ಥ ಏನು?’ ಎಂದು ಶುರುಮಾಡಬೇಡಿ. ಇಪ್ಪತ್ತು ವರ್ಷದ ಹುಡುಗನೋ ಹುಡುಗಿಯೋ ಆ ಪ್ರಶ್ನೆಗೆ ಗಾಬರಿಯಾಗುತ್ತಾರೆ, ಆಮೇಲೆ ಬಾಯಿಪಾಠದ ಉತ್ತರ ಕೊಡುತ್ತಾರೆ. ಕೆಲಸದ ಬಗ್ಗೆ ಕೇಳಿ. ಇದಕ್ಕೆ ಎಷ್ಟು ದಿನ ಹಿಡಿಯಿತು? ಯಾವ ಭಾಗ ಕಷ್ಟವಾಯಿತು? ಎಲ್ಲಿ ಕೂತು ಬರೆದಿರಿ? ಈ ಹಸಿರು ಹೇಗೆ ಬಂತು? ಅಷ್ಟು ಕೇಳಿದರೆ ಸಾಕು, ಅವರೇ ಎಳೆದುಕೊಂಡು ಹೋಗಿ ಸ್ಟುಡಿಯೊ ತೋರಿಸುತ್ತಾರೆ. ಅರ್ಥದ ಮಾತು ತಾನಾಗಿಯೇ ಬರುತ್ತದೆ.

ಇವರಲ್ಲಿ ಎಷ್ಟೋ ಜನ ಹಳ್ಳಿಗಳಿಂದ ಬಂದವರು. ಮನೆಯಲ್ಲಿ ‘ಚಿತ್ರ ಬರೆದು ಹೊಟ್ಟೆ ತುಂಬುತ್ತಾ’ ಎಂದು ಕೇಳಿಸಿಕೊಂಡು ಬಂದವರು. ನಮ್ಮ ಸೀಮೆಯಿಂದಲೇ ದೊಡ್ಡ ಕೆಲಸ ಮಾಡಿದವರಿದ್ದಾರೆ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಅವರು ಚಿತ್ರಕಾರರಾಗಿ ಹೆಸರು ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರಲ್ಲಿ ಅವರೂ ಒಬ್ಬರು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರುವ ಆ ಸಂಗ್ರಹಾಲಯವೂ ಒಂದು ವಿದ್ಯಾಸಂಸ್ಥೆಯೊಳಗಿನ ಮ್ಯೂಸಿಯಮ್ಮೇ. ಮೈಸೂರಿಗೆ ಹೋದವರು ಅರಮನೆ ಜೊತೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ನಿಮ್ಮ ಮಗ ಅಥವಾ ಮಗಳು ಚಿತ್ರಕಲೆ ಓದುತ್ತೇನೆ ಎನ್ನುತ್ತಿದ್ದರೆ ಈ ಭೇಟಿಯನ್ನು ಖಂಡಿತ ಮಾಡಿಸಿ. ಯಾವ ಕೋರ್ಸು, ಪ್ರವೇಶಕ್ಕೆ ಏನು ಬೇಕು, ಓದಿದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಮೇಷ್ಟ್ರುಗಳನ್ನು ನೇರ ಕೇಳಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಜಾಹೀರಾತು ಕಂಪನಿ, ಅನಿಮೇಷನ್, ಪುಸ್ತಕ ವಿನ್ಯಾಸ, ಸಿನಿಮಾದ ಕಲಾ ವಿಭಾಗ, ದಾರಿಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ.

ಮಕ್ಕಳಿದ್ದರೆ, ಫೋಟೊ ತೆಗೆಯುವುದಿದ್ದರೆ

ಸಣ್ಣ ಮಕ್ಕಳಿಗೆ ಅರ್ಧ ಗಂಟೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಹುಡುಕಾಟ ಕೊಡಿ: ನಾಯಿ ಇರುವ ಚಿತ್ರ ಹುಡುಕು, ಹಳದಿ ಬಣ್ಣವೇ ಇಲ್ಲದ ಚಿತ್ರ ಹುಡುಕು, ಕೈಬೆರಳು ಚೆನ್ನಾಗಿ ಬರೆದಿರುವ ಚಿತ್ರ ಹುಡುಕು. ಕೊನೆಗೆ ಇಷ್ಟವಾದ ಒಂದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯಲಿ. ಚೆನ್ನಾಗಿ ಬರಬೇಕಾಗಿಲ್ಲ. ಬರೆಯಲು ಕೂತ ಕೂಡಲೇ ಕಣ್ಣು ನಿಲ್ಲುತ್ತದೆ. ದೊಡ್ಡವರೂ ಮಾಡಿ ನೋಡಿ.

ಗ್ಯಾಲರಿಯಲ್ಲಿ ಬಟ್ಟೆಯಿಲ್ಲದ ಮನುಷ್ಯದೇಹದ ಅಭ್ಯಾಸಚಿತ್ರಗಳೂ ಇರಬಹುದು. ಮೂಳೆ, ಸ್ನಾಯು ಕಲಿಯದೆ ಮನುಷ್ಯನನ್ನು ಬರೆಯಲು ಬರುವುದಿಲ್ಲ, ಮೆಡಿಕಲ್ ಕಾಲೇಜಿನವರು ಕಲಿಯುವ ಹಾಗೆಯೇ ಇದೂ ಒಂದು ಪಾಠ. ಮಕ್ಕಳು ಕೇಳಿದರೆ ಹೀಗೇ ಹೇಳಿ, ಕಣ್ಣು ಮುಚ್ಚಿಸಿ ಎಳೆದುಕೊಂಡು ಹೋಗಬೇಡಿ.

ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ. ಫ್ಲಾಶ್ ಬೇಡವೇ ಬೇಡ. ಗಾಜಿನ ಮೇಲೆ ಬೆಳಕು ಹೊಡೆದು ಚಿತ್ರವೂ ಬರುವುದಿಲ್ಲ, ನೋಡುತ್ತಾ ನಿಂತವರಿಗೂ ತೊಂದರೆ. ಫೇಸ್‌ಬುಕ್ಕಿಗೋ ವಾಟ್ಸಾಪ್ ಸ್ಟೇಟಸ್ಸಿಗೋ ಹಾಕುವುದಾದರೆ ಪಟ್ಟಿಯ ಫೋಟೊ ಸಹ ತೆಗೆದುಕೊಂಡು ಬರೆದವರ ಹೆಸರು ಹಾಕಿ. ಅವರಿಗೆ ಅದು ದೊಡ್ಡ ಸಹಾಯ. ಹೆಸರಿಲ್ಲದೆ ಚಿತ್ರ ಹರಿದಾಡುವುದು ಅನ್ಯಾಯ ಅಲ್ವಾ?

ಕೊನೆಗೆ ಅಭಿಪ್ರಾಯ ಪುಸ್ತಕ ಇದ್ದರೆ ‘ಚೆನ್ನಾಗಿದೆ’ ಎಂದಷ್ಟೇ ಬರೆದು ಸಹಿ ಹಾಕಬೇಡಿ. ಯಾವ ಚಿತ್ರ, ಅದರಲ್ಲಿ ಏನು ಹಿಡಿಸಿತು ಎಂದು ಒಂದು ಸಾಲು ಬರೆಯಿರಿ.

ಉಳಿದ ಅರ್ಧ ದಿನಕ್ಕೆ

ಗ್ಯಾಲರಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಊಟ ಮಾಡಿ ಹರಿಹರಕ್ಕೆ ಹೋಗಬಹುದು, ಹದಿನೈದು ಕಿಲೋಮೀಟರಿನ ಒಳಗೇ ಇದೆ. ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅರ್ಧ ಶಿವ, ಅರ್ಧ ವಿಷ್ಣು ಇರುವ ವಿಗ್ರಹ ಅಲ್ಲಿದೆ. ಬೆಳಿಗ್ಗೆ ಪ್ಲಾಸ್ಟರ್ ದೇಹಗಳನ್ನು ಸುತ್ತಿ ನೋಡಿದ ಕಣ್ಣಿಗೆ ಒಂದೇ ದೇಹದಲ್ಲಿ ಇಬ್ಬರನ್ನು ಕೂರಿಸುವ ಕೆಲಸ ಎಷ್ಟು ಕಷ್ಟ ಎಂಬುದು ತಕ್ಷಣ ತಿಳಿಯುತ್ತದೆ.

ಅಥವಾ ಚಿತ್ರದುರ್ಗಕ್ಕೆ ಬನ್ನಿ. ಕೋಟೆಗೆ ಎಲ್ಲರೂ ಹೋಗುತ್ತಾರೆ. ಊರೊಳಗೆ ರಂಗಯ್ಯನ ಬಾಗಿಲಿನ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯ ಇದೆ, ಅಲ್ಲಿಗೂ ಹೋಗಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಅದನ್ನು ನೋಡಿಕೊಳ್ಳಿ. ಪಕ್ಕದ ಚಂದ್ರವಳ್ಳಿಯಲ್ಲಿ ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು 1920ರ ದಶಕದ ಕೊನೆಯಲ್ಲಿ, ಆಮೇಲೆ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಹಳೆಯ ಕಾಲದ ಕುರುಹು ಹುಡುಕಿ ನೆಲ ಅಗೆದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕವು. ಬಯಲುಸೀಮೆಯ ಈ ಬಂಡೆಗಳ ನಡುವೆ ರೋಮಿನ ದೊರೆಯ ಮುಖ! ನಾಣ್ಯದ ಮೇಲಿನ ಮುಖವೂ ಅಚ್ಚಿನ ಕೆಲಸವೇ. ಉಲ್ಟಾ ಕೆತ್ತಿ, ಒತ್ತಿ ತೆಗೆದದ್ದು.

ಒಂದು ಚಿತ್ರ ಕೊಂಡುಕೊಳ್ಳುವುದಾದರೆ

ವಿದ್ಯಾರ್ಥಿಗಳ ಕೆಲಸ ಕೊಳ್ಳಬಹುದಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮೊದಲು ಮೇಷ್ಟ್ರನ್ನು ಕೇಳಿ. ಕೆಲವು ಕೆಲಸಗಳು ಪರೀಕ್ಷೆಗೆ ಬೇಕಿರುತ್ತವೆ, ಕೆಲವು ಕಾಲೇಜಿನ ಸಂಗ್ರಹಕ್ಕೆ ಸೇರಿರುತ್ತವೆ. ಬೆಲೆಯಲ್ಲಿ ತರಕಾರಿ ಸಂತೆಯ ಚೌಕಾಸಿ ಬೇಡ. ಬಜೆಟ್ ಕಡಿಮೆ ಇದ್ದರೆ ಅಚ್ಚುಚಿತ್ರ ಕೇಳಿ. ಹಲವು ಪ್ರತಿ ಇರುವುದರಿಂದ ಕೈಗೆಟುಕುತ್ತದೆ, ಆದರೂ ಪ್ರತಿಯೊಂದೂ ಕೈಯಿಂದಲೇ ತೆಗೆದದ್ದು.

ಮನೆಗೆ ಒಯ್ಯುವಾಗ ಮಡಚಬೇಡಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟುಕೊಳ್ಳಿ. ಫ್ರೇಮ್ ಅಂಗಡಿಯಲ್ಲಿ ಗಾಜು ನೇರ ಕಾಗದಕ್ಕೆ ಅಂಟದಂತೆ ಸುತ್ತ ಮೌಂಟ್ ಬೋರ್ಡ್ (ಮಧ್ಯೆ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು) ಹಾಕಲು ಹೇಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಕೂತು ಬೂಸ್ಟು ಬರುತ್ತದೆ. ಅಂಚಿನ ತಗಡಿನ ಗುರುತು, ಪೆನ್ಸಿಲ್ ಸಹಿ, ಸಂಖ್ಯೆ ಮುಚ್ಚಿಹೋಗದಂತೆ ರಟ್ಟಿನ ಕಿಟಕಿ ಕತ್ತರಿಸಲಿ. ಕಾಗದ ದೊಡ್ಡದಾಯಿತು ಎಂದು ಅಂಚು ಕತ್ತರಿಸಲು ಬಿಡಬೇಡಿ. ತೂಗುಹಾಕುವಾಗ ಪಡುವಣದ ಕಿಟಕಿಯ ಎದುರು ಗೋಡೆ ಬೇಡ. ಸಂಜೆಯ ಬಿಸಿಲು ನೇರ ಬಿದ್ದರೆ ಜಲವರ್ಣ ಮಾಸುತ್ತದೆ, ಅಚ್ಚುಚಿತ್ರದ ಕಾಗದ ಹಳದಿಯಾಗುತ್ತದೆ. ನಿಂತಾಗ ಕಣ್ಣಿನ ಎತ್ತರಕ್ಕೆ ಬರುವಂತೆ ಒಳಗೋಡೆಗೆ ಹಾಕಿ.